ಗೂಡಿಗೆ ಲೆಕ್ಕವಿದೆ, ಕೈಗೆ ಲೆಕ್ಕವಿಲ್ಲ

ಕನಕಪುರ ಸೀಮೆಯ ರೇಷ್ಮೆಯ ಚರಿತ್ರೆ ಬರೆಯುವವರು ಟಿಪ್ಪುವಿನಿಂದ ಶುರು ಮಾಡಿ ಸೀರೆಯ ಸೆರಗಿಗೆ ಬಂದು ನಿಲ್ಲುತ್ತಾರೆ. ನಡುವೆ ಕುದಿಯುವ ನೀರಿಗೆ ಬೆರಳಿಟ್ಟು ಎಳೆ ಹುಡುಕುವ ಕೈ ಅವರ ಕಣ್ಣಿಗೆ ಬೀಳೋದಿಲ್ಲ. ನಾವು ಆ ಕೈಯ ಕಡೆಯಿಂದ ಈ ಚರಿತ್ರೆ ಓದಬೇಕು.

ಮನೆಯಲ್ಲೇ ಚರಕ ಇಟ್ಟುಕೊಂಡವನಿಗೆ ಧಣಿಯಿಲ್ಲ. ಹರಾಜಿನಲ್ಲಿ ಗೂಡು ತಂದು, ಮನೆ ಮಂದಿಯೆಲ್ಲ ಕೂತು ನೂಲು ಬಿಚ್ಚಿ, ಮಾರಿದ ದುಡ್ಡಲ್ಲಿ ಮತ್ತೆ ಗೂಡು ತರಬೇಕು. ಬೆರಳು ಬೆಂದು ಹುಣ್ಣಾದರೆ, ಹಬೆ ಕುಡಿದು ಉಬ್ಬಸ ಹಿಡಿದರೆ ಚರಕ ನಿಂತಿತು. ಹಸಿ ಗೂಡು ಮಾತ್ರ ಕಾಯೋದಿಲ್ಲ. ಚಿಟ್ಟೆ ಕೊರೆದು ಹೊರಬಂದರೆ ಬಂಡವಾಳವೇ ಹೋಯಿತು.

ಬಾಬಾಸಾಹೇಬ್ ಅಂಬೇಡ್ಕರ್ 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಆ ಅವಧಿಯಲ್ಲೇ, 1944ರಲ್ಲಿ, ಬಿ.ಪಿ. ಅಡಾರ್ಕರ್ ಕಾರ್ಮಿಕರ ಆರೋಗ್ಯ ವಿಮೆಯ ವರದಿ ಕೊಟ್ಟರು. ಅದರ ಬೆನ್ನಿಗೆ 1948ರ ಇಎಸ್‌ಐ ಕಾಯ್ದೆ ಬಂತು. ಕಾಯಿಲೆ ಬಿದ್ದವನಿಗೆ ಔಷಧಿ ಅಷ್ಟೇ ಅಲ್ಲ, ಕೆಲಸ ಮಾಡಲಾಗದ ದಿನಗಳಿಗೆ ಕೂಲಿಯ ಒಂದು ಪಾಲೂ ಸಿಗಬೇಕು ಅನ್ನೋದು ಅದರ ಜೀವ. ಆದರೆ ಅದು ಬಾಗಿಲು ತೆರೆದದ್ದು ವಿದ್ಯುತ್ ಬಳಸುವ, 20 ಜನ ದುಡಿಯುವ ಕಾರ್ಖಾನೆಗೆ. ವಂತಿಗೆಯಲ್ಲಿ ಮಾಲೀಕನ ಪಾಲು, ಕಾರ್ಮಿಕನ ಪಾಲು ಎರಡೂ ಬೇಕು. ಧಣಿಯೇ ಇಲ್ಲದವನಿಗೆ ಆ ಪಾಲು ಕಟ್ಟೋರು ಯಾರು? ಚರಕದ ಮನೆ ಹೊರಗೇ ಉಳಿಯಿತು.

1959ರಲ್ಲಿ ರಾಜ್ಯ ರೇಷ್ಮೆಗೂ ಕಾನೂನು ಮಾಡಿತು. ನೂಲು ಬಿಚ್ಚಲು ಲೈಸೆನ್ಸ್ ಬೇಕು, ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲೇ ಆಗಬೇಕು. ಅಂದಮೇಲೆ ಇವನ ಹೆಸರು, ಇವನು ಕೊಂಡ ಗೂಡಿನ ತೂಕ ಎಲ್ಲವೂ ಸರ್ಕಾರಕ್ಕೆ ಗೊತ್ತು. ಇವನು ಹಾಸಿಗೆ ಹಿಡಿದ ದಿನದ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಹಾಗಾಗಿ ಬಡವನ ವಿಮೆ ಅಂದರೆ ಸಾಲ. ಸಾಲಕ್ಕೆ ಜಾಮೀನು ಅಂದರೆ ಮಗು. 1976ರಲ್ಲಿ ಜೀತ ರದ್ದಾಯಿತು. ದೇವರಾಜ ಅರಸು ಸರ್ಕಾರ ಸಾಲ ಪರಿಹಾರದ ಕಾನೂನೂ ತಂದಿತು. ಹಳೇ ಸಾಲ ಹರಿಯಿತು, ಸಾಲ ಹುಟ್ಟಿಸುವ ಕಾಯಿಲೆ ಉಳಿಯಿತು. ಕರ್ನಾಟಕದ ರೇಷ್ಮೆಯಲ್ಲಿ ಜೀತದ ಮಕ್ಕಳಿದ್ದಾರೆ ಅಂತ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲೂ ವರದಿ ಮಾಡಬೇಕಾಯಿತು.

ಅದೇ 2003ರಲ್ಲಿ ಸಹಕಾರ ಸಂಘದ ರೈತರಿಗೆ ತಿಂಗಳಿಗೆ 5 ರೂಪಾಯಿಯ ಯಶಸ್ವಿನಿ ಬಂತು. 2008ರಲ್ಲಿ ಬಡ ಕುಟುಂಬಕ್ಕೆ 30,000 ರೂಪಾಯಿಯ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ, 2018ರಲ್ಲಿ 5 ಲಕ್ಷದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದವು. ಇವನ್ನು ನಾವು ಹಗುರಾಗಿ ನೋಡೋದಿಲ್ಲ, ಜೀವ ಉಳಿಸಿವೆ. ಆದರೆ ದುಡ್ಡು ಹೋದದ್ದು ಆಸ್ಪತ್ರೆಗೆ. ಮನೆಗೆ ಬಂದು ಒಂದು ತಿಂಗಳು ಮಲಗಿದವನ ಹಿಟ್ಟಿಗೆ ಯಾರೂ ಕೊಡಲಿಲ್ಲ.

ದಾರಿ ಇಲ್ಲ ಅನ್ನಬೇಡಿ. ಊರೂರು ಅಲೆಯುವ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ 1996ರಲ್ಲಿ ಕಟ್ಟಡದ ವೆಚ್ಚದ ಮೇಲೇ ಸೆಸ್ ಹಾಕುವ ಕಾನೂನು ಬಂತು. ರೇಷ್ಮೆಗೆ ಲೈಸೆನ್ಸ್ ಪುಸ್ತಕ ಇದೆ, ಮಾರುಕಟ್ಟೆ ಇದೆ. ಮಾರುವ ನೂಲಿನ ಮೇಲೆ ಒಂದು ಪಾಲು ಎತ್ತಿಡಲಿ. ಚರಕ ನಿಂತ ದಿನದ ಕೂಲಿ ಅದರಿಂದ ಬರಲಿ. ನಾವು ಕೇಳೋದು ದಾನವಲ್ಲ, ನಮ್ಮ ಪಾಲು.