ಐದು ರೂಪಾಯಿಯ ಕಾರ್ಡು

ಕಾಫಿ ಸೀಮೆಯ ಮಲ್ಲಂದೂರಿನಲ್ಲಿ ಅಮ್ಮ ಸಣ್ಣ ಹೋಟೆಲು ನಡೆಸುತ್ತಿದ್ದಳು. ಸಂಜೆ ದಿನದ ಉಳಿತಾಯ ಒಯ್ಯಲು ಬ್ಯಾಂಕಿನ ಪಿಗ್ಮಿಯವರು ಬರುತ್ತಿದ್ದರು. ಅಮ್ಮ ಗಲ್ಲಾದಿಂದ ಐದು ರೂಪಾಯಿ ಕೊಡುವಳು. ಅವರು ಕಾರ್ಡಿನಲ್ಲಿ ಬರೆದು, ಸಹಿ ಹಾಕಿ, ಕಾಫಿ ಕುಡಿದು ಪಕ್ಕದ ಅಂಗಡಿಗೆ ಹೋಗುವರು. ಅಮ್ಮನಿಗೆ ಬ್ಯಾಂಕೆಂದರೆ ಅವರೇ. ಕಟ್ಟಡದೊಳಗೆ ಅವಳು ಮೊದಲು ಕಾಲಿಟ್ಟದ್ದು ಅಕ್ಕನ ಮದುವೆಗೆ ದುಡ್ಡು ಬಿಡಿಸಲು.

ಈ ಪದ್ಧತಿ ಹುಟ್ಟಿದ್ದು ಘಟ್ಟದ ಕೆಳಗೆ. 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಬೇಕೆಂಬುದು ಅವರ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಇದೇ ಸಂಸ್ಥೆ 1928ರಲ್ಲಿ ಪಿಗ್ಮಿ ತಂದಿತು. ದಿನಕ್ಕೆ ಎರಡಾಣೆ ಸಾಕು, ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಬಡವರಿಗೆ ಉಳಿಸುವ ಬುದ್ಧಿಯಿಲ್ಲ ಎನ್ನುವವರಿಗೆ ಇಷ್ಟು ಒಳ್ಳೆಯ ಉತ್ತರ ಬೇರೆ ಯಾರೂ ಕೊಟ್ಟಿಲ್ಲ ಎಂದೇ ನನ್ನ ನಂಬಿಕೆ.

ಕಾಫಿ ಸೀಮೆಗೆ ಅದು ಚೆನ್ನಾಗಿ ಒಗ್ಗಿತು. ಇಲ್ಲಿ ದುಡ್ಡು ದಿನಾ ಹರಿಯುವುದಿಲ್ಲ. ಎಲ್ಲರ ಬೆಳೆಯನ್ನೂ ಒಟ್ಟಿಗೆ ಮಾರುವ ಕಾಫಿ ಬೋರ್ಡಿನ ಪೂಲ್ ಇದ್ದಷ್ಟು ಕಾಲ ಬೆಳೆಗಾರರಿಗೇ ಹಣ ಕಂತಿನಲ್ಲಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಪೂಲ್ ಹೋಯಿತು. ಆಳುಗಳ ಕೈಗೆ ದುಡ್ಡು ಬರುವುದು ಬಟವಾಡೆಯ ದಿನ, ಅದರಲ್ಲಿ ಅರ್ಧ ಅಂಗಡಿಯ ಸಾಲಕ್ಕೆ. ಅಮ್ಮನ ಹೋಟೆಲಿನ ವ್ಯಾಪಾರವೂ ಅದರ ಹಿಂದೆಯೇ. ಆಷಾಢದ ಮಳೆಯಲ್ಲಿ ಗಲ್ಲಾ ಖಾಲಿ. ಆಗ ಪಿಗ್ಮಿಯವರು, "ಇವತ್ತು ಬಿಡಿ ಅಮ್ಮ, ಬಟವಾಡೆ ಆದ್ಮೇಲೆ ಕೊಡಿ" ಎಂದು ಹಾಗೇ ಹೊರಡುತ್ತಿದ್ದರು.

ಕೊಡೆ ಹಿಡಿದು ಮನೆಮನೆ ಅಲೆದ ಈ ಜನಕ್ಕೆ ಸಿಗುತ್ತಿದ್ದದ್ದು ಕಮಿಷನ್. ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಅಷ್ಟು ತಡವಾದದ್ದು ನನಗೆ ಇವತ್ತಿಗೂ ನೋವು. ಪಿಗ್ಮಿ ತಂದ ಸಿಂಡಿಕೇಟ್ ಬ್ಯಾಂಕೇ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಕೆಲವು ವರ್ಷಗಳ ಹಿಂದೆ ಅಮ್ಮ ತಾನೇ ಒಂದು ಬ್ಯಾಂಕಿಗೆ ಠೇವಣಿ ನವೀಕರಿಸಲು ಹೋದಳು. ಅಲ್ಲಿದ್ದವರು ಹೆಚ್ಚು ಬಡ್ಡಿ ಬರುತ್ತದೆಂದು ಸಹಿ ಹಾಕಿಸಿಕೊಂಡರು. ಮನೆಗೆ ಬಂದದ್ದು ವಿಮೆಯ ಪಾಲಿಸಿ. ವರ್ಷವರ್ಷ ಕಂತು ಕಟ್ಟಬೇಕು. ನಾನು ಅವಳನ್ನು ಕರೆದುಕೊಂಡು ಹೋಗಿ ವಿಚಾರಿಸಿದೆ. ಪಾಲಿಸಿ ಮಾಡಿಸಿದವರಿಗೆ ವರ್ಗವಾಗಿತ್ತು. ಹೊಸಬರು ತಾಳ್ಮೆಯಿಂದ ಕೇಳಿಕೊಂಡು ಇನ್ನೊಂದು ಫಾರಂ ಮುಂದಿಟ್ಟರು. ಅಮ್ಮ ಪೆನ್ನು ಮುಟ್ಟಲಿಲ್ಲ.

"ಮುಂದಿನ ವರ್ಷ ನೀವು ಇಲ್ಲೇ ಇರ್ತೀರಾ?" ಎಂದು ಕೇಳಿದಳು.