ಸಲಹೆ ಯಾರದು, ಪಾಲನೆ ಯಾರದು?

ಪವಿತ್ರ ಕುರ್‌ಆನಿನ 42ನೇ ಅಧ್ಯಾಯದ ಹೆಸರು ‘ಅಶ್ಶೂರಾ’, ಅಂದರೆ ಸಮಾಲೋಚನೆ. ವಿಶ್ವಾಸಿಗಳ ಗುಣಗಳನ್ನು ಎಣಿಸುವಾಗ ಅದು ಸಮಾಲೋಚನೆಯನ್ನು ನಮಾಝ್ ಮತ್ತು ದಾನಗಳ ನಡುವೆ ಇರಿಸುತ್ತದೆ. ಉಹುದ್ ಯುದ್ಧಕ್ಕೆ ಮುನ್ನ ಮದೀನಾದೊಳಗೇ ಉಳಿದು ಶತ್ರುವನ್ನು ಎದುರಿಸುವುದು ಪ್ರವಾದಿ ಮುಹಮ್ಮದ್(ಸ)ರ ಒಲವಾಗಿತ್ತು. ಆದರೂ ಹೊರಗೆ ಹೋಗಿ ಹೋರಾಡಬೇಕೆಂಬ ಅನುಚರರ ಅಭಿಪ್ರಾಯವನ್ನು ಅವರು ಒಪ್ಪಿದರು. ಯುದ್ಧದಲ್ಲಿ ನಷ್ಟವಾಯಿತು. ಆ ಬಳಿಕವೂ ಅಲ್ಲಾಹನು ಅನುಚರರೊಂದಿಗೆ ಸಮಾಲೋಚಿಸುವಂತೆಯೇ ಆದೇಶಿಸಿದನು. ಈ ಅಳತೆಗೋಲಿನಿಂದ ಇತಿಹಾಸದ ಎರಡು ಸಭೆಗಳನ್ನು ನೋಡೋಣ.

ಹರವೆಯನ್ನು ಒಳಗೊಂಡ ನಮ್ಮ ಸೀಮೆ ಅಂದು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. 1831ರಲ್ಲಿ ಆಡಳಿತವನ್ನು ಕಸಿದುಕೊಂಡಿದ್ದ ಬ್ರಿಟಿಷರು 1881ರ ಮಾರ್ಚ್ 25ರಂದು ಅದನ್ನು ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ಆದರೆ ಷರತ್ತುಗಳಿದ್ದವು: ಹಣಕಾಸು, ತೆರಿಗೆ, ನ್ಯಾಯಾಡಳಿತದಂತಹ ವಿಷಯಗಳಲ್ಲಿ ಗವರ್ನರ್ ಜನರಲ್ ನೀಡುವ ಸಲಹೆಯನ್ನು ಮಹಾರಾಜರು ಪಾಲಿಸಲೇಬೇಕಿತ್ತು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, 144 ಸದಸ್ಯರು ಸೇರಿದರು. ಅವರು ಅಹವಾಲು ಹೇಳಬಹುದಿತ್ತು. ತೀರ್ಮಾನ ಮಾತ್ರ ಸರ್ಕಾರದ್ದು. ಹೊರಗಿನ ಯಜಮಾನನ ಸಲಹೆ ಕಡ್ಡಾಯ, ಮನೆಯ ಪ್ರಜೆಯ ಸಲಹೆ ಐಚ್ಛಿಕ! ಆದರೂ ಆ ಬಾಗಿಲು ಮತ್ತೆ ಮುಚ್ಚಲಿಲ್ಲ. 1891ರಲ್ಲಿ ಸೀಮಿತ ಚುನಾವಣೆ ಬಂದಿತು. 1923ರಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು. 1947ರ ಅಕ್ಟೋಬರ್‌ನಲ್ಲಿ, ಮೈಸೂರು ಚಲೋ ಚಳವಳಿಯ ಬಳಿಕ, ಜವಾಬ್ದಾರಿ ಸರ್ಕಾರ ರಚನೆಯಾಯಿತು.

ಇನ್ನೊಂದು ಸಭೆ ಕುವೈತಿನದು. 1938ರಲ್ಲಿ ಅಲ್ಲಿನ ವರ್ತಕರು ಆಡಳಿತದಲ್ಲಿ ಪಾಲು ಕೇಳಿದಾಗ, ಸಭೆಯೊಂದನ್ನು ರಚಿಸುವಂತೆ ಬ್ರಿಟಿಷರು ಶೈಖ್ ಅಹ್ಮದ್ ಅಲ್ ಜಾಬಿರ್‌ರಿಗೆ ಸಲಹೆ ನೀಡಿದರು. ಪ್ರಮುಖ ಕುಟುಂಬಗಳ ಸುಮಾರು 150 ಮಂದಿ 14 ಸದಸ್ಯರನ್ನು ಆರಿಸಿದರು. ಶೈಖ್ ಅಬ್ದುಲ್ಲಾ ಅಲ್ ಸಾಲಿಂ ಅಧ್ಯಕ್ಷರಾದರು. ಆದರೆ ಸಭೆಯು ಆದಾಯ ಮತ್ತು ಒಪ್ಪಂದಗಳ ಮೇಲೆ ಅಧಿಕಾರ ಕೇಳತೊಡಗಿದಾಗ ಬ್ರಿಟಿಷರ ಉತ್ಸಾಹ ತಗ್ಗಿತು. ಡಿಸೆಂಬರ್‌ನಲ್ಲಿ ಶೈಖರು ಅದನ್ನು ವಿಸರ್ಜಿಸಿದಾಗ ಅದನ್ನು ಉಳಿಸಲು ಅವರು ಮುಂದಾಗಲಿಲ್ಲ. ಆದರೆ ಅದೇ ಅಬ್ದುಲ್ಲಾ ಅಲ್ ಸಾಲಿಂ ಮುಂದೆ ದೊರೆಯಾಗಿ 1962ರಲ್ಲಿ ದೇಶಕ್ಕೆ ಸಂವಿಧಾನವನ್ನು ನೀಡಿದರು.

ಸಾಮ್ರಾಜ್ಯವು ತನ್ನ ಹಿತಕ್ಕೆ ಹೊಂದುವವರೆಗೆ ಮಾತ್ರ ಸಮಾಲೋಚನೆಯನ್ನು ಮೆಚ್ಚುತ್ತದೆ. ಇಸ್ಲಾಮಿನಲ್ಲಿ ಅದು ಆಳುವವನ ಔದಾರ್ಯವಲ್ಲ, ಅವನ ಹೊಣೆ. ಎರಡೂ ಸಭೆಗಳಲ್ಲಿ ಮೊದಲು ಸ್ಥಾನ ಪಡೆದವರು ಉಳ್ಳವರೇ ಎಂಬುದನ್ನೂ ನಾವು ಮರೆಯಬಾರದು. ನಮ್ಮ ಮಸೀದಿಯ ಆಡಳಿತ ಸಮಿತಿಯಲ್ಲಿ ಕೂಲಿಕಾರನ ಮಾತಿಗೆ ಬೆಲೆಯಿದೆಯೇ? ಮಗಳ ನಿಕಾಹ್‌ನ ವಿಷಯದಲ್ಲಿ ಅವಳ ಅಭಿಪ್ರಾಯವನ್ನು ಕೇಳುತ್ತೇವೆಯೇ? ಕೇಳಿದ ಮೇಲೆ ಅದನ್ನು ಪರಿಗಣಿಸುತ್ತೇವೆಯೇ? ದೊರೆಗಳನ್ನು ಅಳೆಯುವ ಗೋಲಿನಿಂದಲೇ ನಮ್ಮ ಮನೆಯನ್ನೂ ಅಳೆದುಕೊಳ್ಳಬೇಕು. ಅಲ್ಲಾಹನು ನಮಗೆ ಆಲಿಸುವ ಕಿವಿಯನ್ನೂ ನ್ಯಾಯದ ಮನಸ್ಸನ್ನೂ ಕರುಣಿಸಲಿ, ಆಮೀನ್.