ಗುಲ್ಮದೊಳಗಿನ ಸಂವಾದ: ನರ ಮತ್ತು ನಿರೋಧಕ ಕೋಶಗಳ ನಡುವಣ ಸಂಕೇತಮಾರ್ಗ

ಸ್ಯಾಕರಿನ್ ಬೆರೆಸಿದ ಸಿಹಿನೀರು ಕುಡಿದ ಇಲಿಗಳಿಗೆ ಹೊಟ್ಟೆ ತೊಳಸುವ ಸೈಕ್ಲೊಫಾಸ್ಫಮೈಡ್ ಚುಚ್ಚಿದರೆ, ಮುಂದೆ ಅವು ಆ ರುಚಿಯ ಗೊಡವೆಗೇ ಹೋಗುವುದಿಲ್ಲ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ರಾಬರ್ಟ್ ಏಡರ್ ಗಮನಿಸುತ್ತಿದ್ದದ್ದು ಇಷ್ಟನ್ನೇ. ಆದರೆ ಮದ್ದು ನಿಲ್ಲಿಸಿ ಬರೀ ಸಿಹಿನೀರು ಕೊಟ್ಟಾಗಲೂ ಕೆಲವು ಇಲಿಗಳು ಸತ್ತವು. ಆ ಮದ್ದು ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ರುಚಿಯ ಜೊತೆ ಆ ಕುಗ್ಗುವಿಕೆಯೂ ದೇಹಕ್ಕೆ ರೂಢಿಯಾಗಿತ್ತೇ? ಏಡರ್ ಮತ್ತು ಸಹೋದ್ಯೋಗಿ ನಿಕೊಲಸ್ ಕೋಹೆನ್ ಇಲಿಗಳಿಗೆ ಕುರಿಯ ರಕ್ತಕಣ ಚುಚ್ಚಿ, ಏಳುವ ಪ್ರತಿಕಾಯಗಳನ್ನು ಅಳೆದರು. ಮದ್ದಿನ ಜೊತೆ ಸಿಹಿ ರೂಢಿಯಾಗಿದ್ದ ಇಲಿಗಳಿಗೆ ಮತ್ತೆ ಸಿಹಿನೀರಷ್ಟೇ ಕೊಟ್ಟಾಗ ಅವು ಕಡಿಮೆಯಿದ್ದವು. 1975ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಬಹಳ ಮಂದಿ ನಂಬಲಿಲ್ಲ. ಸಂಕೇತ ಸಾಗುವ ದಾರಿಯೇ ಗೊತ್ತಿಲ್ಲದಿದ್ದಾಗ ನಂಬದಿದ್ದದ್ದು ತಪ್ಪೆನ್ನಲಾಗದು.

ದಾರಿಯ ಒಂದು ಸುಳಿವು ನ್ಯೂಯಾರ್ಕ್‌ನ ಕೆವಿನ್ ಟ್ರೇಸಿ ತಂಡಕ್ಕೆ ಸಿಕ್ಕಿತು. ಬ್ಯಾಕ್ಟೀರಿಯಾದ ವಿಷಾಂಶ ಹೊಕ್ಕ ಇಲಿಯಲ್ಲಿ ಮ್ಯಾಕ್ರೊಫೇಜ್ ಎಂಬ ನಿರೋಧಕ ಕೋಶಗಳು ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಸುರಿಸುತ್ತವೆ. ಅತಿಯಾದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಮಿದುಳುಕಾಂಡದಿಂದ ಕುತ್ತಿಗೆ ಹಾದು ಹೊಟ್ಟೆಗಿಳಿಯುವ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಟಿಎನ್‌ಎಫ್ ಪ್ರಮಾಣ ಇಳಿಯಿತೆಂದು ತಂಡ 2000ದಲ್ಲಿ ವರದಿ ಮಾಡಿತು. ವೇಗಸ್ ತುದಿಗಳು ಸ್ರವಿಸುವ ರಾಸಾಯನಿಕ ಅಸಿಟೈಲ್‌ಕೋಲಿನ್. ಅದಕ್ಕೆ ಓಗೊಡುವ ಗ್ರಾಹಕ ಮ್ಯಾಕ್ರೊಫೇಜ್‌ಗಳ ಮೇಲಿರುವುದು 2003ರಲ್ಲಿ ತಿಳಿಯಿತು.

ಇಲ್ಲೊಂದು ತೊಡಕು. ಟಿಎನ್‌ಎಫ್ ಹೆಚ್ಚಾಗಿ ಬರುವುದು ಗುಲ್ಮದಿಂದ. ಗುಲ್ಮಕ್ಕೆ ಹೋಗುವ ನರವಾದರೋ ಸ್ರವಿಸುವುದು ನಾರ್‌ಅಡ್ರಿನಲಿನನ್ನು. ಹಾಗಾದರೆ ಅಸಿಟೈಲ್‌ಕೋಲಿನ್ ಕೊಡುವವರಾರು? 2011ರಲ್ಲಿ ಸಿಕ್ಕ ಉತ್ತರ ಸೊಗಸಾದದ್ದು: ಗುಲ್ಮದೊಳಗಿನ ಕೆಲವು ಟಿ ಕೋಶಗಳೇ. ನಾರ್‌ಅಡ್ರಿನಲಿನ್ ತಾಗಿದೊಡನೆ ಅವು ಅಸಿಟೈಲ್‌ಕೋಲಿನ್ ಬಿಡುತ್ತವೆ, ಪಕ್ಕದ ಮ್ಯಾಕ್ರೊಫೇಜ್ ತಣ್ಣಗಾಗುತ್ತದೆ. ಸರಪಳಿಯ ಕೊನೆಯ ‘ನರಕೋಶ’ ನಿರೋಧಕ ಕೋಶವೇ! ಎರಡು ವ್ಯವಸ್ಥೆಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಓದಿಸುವ ಪಠ್ಯಕ್ರಮ ಇಲ್ಲಿ ಸೋಲುತ್ತದೆ.

ಎಲ್ಲರೂ ಒಪ್ಪಿದ ಚಿತ್ರವೇನೂ ಇದಲ್ಲ. ವೇಗಸ್ ಮತ್ತು ಗುಲ್ಮನರದ ನಡುವೆ ನೇರ ಕೊಂಡಿಯೇ ಕಾಣುತ್ತಿಲ್ಲ, ಟಿಎನ್‌ಎಫ್‌ಗೆ ದೇಹ ಒಡ್ಡುವ ಸಹಜ ತಡೆ ಸಾಗುವುದು ಹೊಟ್ಟೆಯ ಅನುವೇದಕ ನರಗಳ ಮೂಲಕ ಎಂಬುದು ಆಸ್ಟ್ರೇಲಿಯಾದ ರಾಬಿನ್ ಮ್ಯಾಕ್‌ಅಲೆನ್ ತಂಡದ ವಾದ. ಅವರ ಪ್ರಯೋಗಗಳಲ್ಲಿ ವೇಗಸ್ ಕತ್ತರಿಸಿದರೂ ತಡೆ ಉಳಿಯಿತು. ಅನುವೇದಕ ನರಗಳನ್ನು ಕತ್ತರಿಸಿದಾಗ ಟಿಎನ್‌ಎಫ್ ಏರಿತು. ಈ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ.

ಚಿಕಿತ್ಸೆ ಮಾತ್ರ ಈ ವ್ಯಾಜ್ಯ ತೀರಲೆಂದು ಕಾದಿಲ್ಲ. ಕುತ್ತಿಗೆಯಲ್ಲಿ ಹುದುಗಿಸಿ ದಿನಕ್ಕೊಮ್ಮೆ ಒಂದು ನಿಮಿಷ ವೇಗಸ್ ನರವನ್ನು ಪ್ರಚೋದಿಸುವ ಪುಟ್ಟ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಕರು 2025ರಲ್ಲಿ ರುಮಟಾಯ್ಡ್ ಸಂಧಿವಾತದ ಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟರು. 242 ರೋಗಿಗಳ ಪರೀಕ್ಷೆಯಲ್ಲಿ 12 ವಾರಗಳ ಬಳಿಕ, ಪ್ರಚೋದನೆ ಪಡೆದವರಲ್ಲಿ ನಿಗದಿತ ಮಟ್ಟದ ಸುಧಾರಣೆ ಕಂಡವರು ಸುಮಾರು ಶೇ 35. ಸಾಧನವಿದ್ದೂ ಪ್ರಚೋದನೆ ಸಿಗದವರಲ್ಲಿ ಸುಮಾರು ಶೇ 24. ಪರಿಣಾಮ ನಿಜ, ಆದರೆ ಸಾಧಾರಣ. ಔಷಧಗಳು ಸಾಲದೆ ಹೋದವರಿಗಷ್ಟೇ ಸದ್ಯ ಇದು ಲಭ್ಯ.